ಗಡ್ಡೆ ಅವಳದು, ಮಣ್ಣು ಯಾರದು

ಅನೊಸಿಕೆ ಸತ್ತಾಗ ಅವನ ಹೊಲದಲ್ಲಿ ಎರಡು ಬೆಳೆ ನಿಂತಿತ್ತು. ಕೋಲಿಗೆ ಹಬ್ಬಿದ ಹೆಗ್ಗೆಣಸು ಗಂಡಸಿನದು. ಅದರ ನೆರಳಿನ ಕೆಸು ಹೆಂಡತಿಯದು. ಅವನ ಹೆಂಡತಿ ಅಹುನ್ನಾ ಮದುವೆಯಾಗಿ ಬಂದಾಗಿನಿಂದ ಹಾಗೇ. ಮಣ್ಣು ಯಾರದೆಂದು ಕೇಳುವ ಪ್ರಸಂಗವೇ ಬಂದಿರಲಿಲ್ಲ.

ಮೈದುನ ಒಸುಜಿ ಬಂದು ಹೆಗ್ಗೆಣಸನ್ನೆಲ್ಲ ಅಗೆದು ಹೊತ್ತುಕೊಂಡು ಹೋದ. ಅಣ್ಣನಿಗೆ ಗಂಡುಮಗ ಇಲ್ಲದ ಮೇಲೆ ತಮ್ಮನೇ ಹಕ್ಕುದಾರ. ಅದು ಅವಳಿಗೂ ಗೊತ್ತು. ಹೋಗುವಾಗ ಬೇಲಿಯ ಬಳಿ ನಿಂತ.

“ನಮ್ಮ ಹೆಂಡ್ತೀ, ನಿನ್ ಕೆಸು ನಿಂದೇ. ನಾನೇನ್ ಕಳ್ಳ ಅಲ್ಲ. ಕಿತ್ಕೊಂಡ್ಬಿಡು. ಆಮೇಲೆ ಹೊಲ ನಂದು.”

ಆ ಕುಲದವರೆಲ್ಲ, ಹೆಂಗಸರೂ ಕೂಡ, ಅವಳನ್ನು ‘ನಮ್ಮ ಹೆಂಡತಿ’ ಎಂದೇ ಕರೆಯುವುದು. ಇಷ್ಟು ಜನರ ಹೆಂಡತಿಗೆ ಒಂದು ತುಂಡು ಹೊಲವಿಲ್ಲ. ಇದು ಹೇಗೋ ಅವಳಿಗೆ ತಿಳಿಯಲಿಲ್ಲ.

ಕಿತ್ತರೆ ಹೊಲ ಹೋಗುತ್ತದೆ. ಕೀಳದಿದ್ದರೆ ಗಡ್ಡೆ ಕೊಳೆಯುತ್ತದೆ. ಅವಳಿಗೂ ಮಗಳು ಅಡಾಕುವಿಗೂ ಉಣ್ಣಲು ಇರುವುದು ಅದೇ.

ಸತ್ತವನ ಅಕ್ಕ ಇಹುಓಮಾ ತನ್ನ ಗಂಡನ ಊರಿನಿಂದ ಬಂದಳು. ಹುಟ್ಟಿದ ಮನೆಯಲ್ಲಿ ಹೆಣ್ಣುಮಕ್ಕಳ ಮಾತಿಗೆ ಒಸುಜಿಯಂಥವನೂ ತಲೆ ತಗ್ಗಿಸುತ್ತಾನೆ.

“ಅಳ್ತಾ ಕೂತ್ರೆ ಆಗಲ್ಲ,” ಅಂದಳು. “ತೆರ ಕೊಟ್ಟು ಒಂದು ಹುಡುಗೀನ ಮದುವೆ ಮಾಡ್ಕೊಂಡು ಬಾ.”

“ಯಾರು?”

“ನೀನೇ.”

“ಅಯ್ಯೋ ಅಕ್ಕಾ, ನಾನು ಹೆಂಗಸು!”

“ಗೊತ್ತು ಕಣೇ, ನನಗೇನ್ ಕಣ್ಣಿಲ್ವಾ? ತೆರ ಕೊಟ್ಟೋಳು ನೀನು, ಅವಳು ಯಾರಿಂದ ಗಂಡು ಹೆತ್ರೂ ಅದು ನನ್ ತಮ್ಮನ ಮಗ ಅನ್ನಿಸ್ಕೊಳತ್ತೆ. ಹೊಲ ಉಳಿಯತ್ತೆ. ಬ್ಯಾಡ್ವಾ? ಹಂಗಾದ್ರೆ ಅಡಾಕು ಮದುವೆ ಆಗ್ದೆ ಇಲ್ಲೇ ಇದ್ದು ಗಂಡು ಹೆರ್ಲಿ, ಅದೂ ಅವನ ಮಗನೇ.”

“ಸತ್ತೋನಿಗೆ ಇನ್ನು ಮಗ ಹುಟ್ತಾನೆ. ಹುಟ್ಟಿರೋ ಮಗಳು ಲೆಕ್ಕಕ್ಕಿಲ್ಲ. ಇದೇನಕ್ಕಾ?”

ಇಹುಓಮಾ ಬಟ್ಟೆಯ ಧೂಳು ಕೊಡವಿದಳು.

“ನಿನ್ ಗಂಡನ್ ಮನೇಲಿ ನಿನ್ ಮಾತು ನಡೆಯತ್ತಾ?” ಅಹುನ್ನಾ ಕೇಳಿದಳು.

“ಅಲ್ಲಿ ನಾನೂ ಯಾರ್ದೋ ಹೆಂಡ್ತಿ,” ಅಂದು ಇಹುಓಮಾ ಎದ್ದು ಹೋದಳು.

ಅಹುನ್ನಾ ಹೊಲಕ್ಕೆ ನಡೆದಳು. ಯೋಚಿಸಿದಷ್ಟೂ ತಲೆ ಕೆಟ್ಟಿತು. ಗಂಡನಿದ್ದರೆ ಕೇಳಬಹುದಿತ್ತು. ಅವನಿದ್ದರೆ ಕೇಳಬೇಕಾಗಿಯೇ ಇರಲಿಲ್ಲ. ಕೂತು ಅಗೆಯತೊಡಗಿದಳು. ಮರಿಗಡ್ಡೆ ಮುರಿದು ಬುಟ್ಟಿಗೆ ಹಾಕಿದಳು. ತಾಯಿಗಡ್ಡೆಯ ತಲೆ ಕೊಯ್ದು ಅದೇ ಗುಂಡಿಯಲ್ಲಿ ಮತ್ತೆ ನೆಟ್ಟಳು. ಮುಂದಿನ ಗುಂಡಿಯಲ್ಲೂ ಹಾಗೇ.

ಒಸುಜಿ ಕತ್ತಿ ಹಿಡಿದು ಬಂದ. “ಕೀಳು ಅಂದ್ರೆ ನೆಡ್ತಾ ಇದೀಯಲ್ಲ!”

“ಕಿತ್ತಿದೀನಲ್ಲ. ಬುಟ್ಟಿ ನೋಡು.”

“ಮತ್ತೆ ಇದು?”

“ಇದೂ ಕೆಸೇ. ನಂದೇ. ನೀನ್ ಕೀಳ್ತೀಯಾ? ಕೀಳು, ಊರೆಲ್ಲ ನೋಡ್ಲಿ.”

ಹೆಂಗಸು ನೆಟ್ಟ ಕೆಸುವಿಗೆ ಗಂಡಸು ಕೈ ಹಾಕುವಂತಿಲ್ಲ. ಅವನು ಕತ್ತಿಯ ತುದಿಯಿಂದ ಮಣ್ಣು ಕೆದಕುತ್ತ ನಿಂತ.

“ಬೆಳೀಲಿ. ಆವಾಗ ನೋಡ್ಕೋತೀನಿ.”

“ಆವಾಗ್ಲೂ ಕೀಳ್ತೀನಿ,” ಅಂದಳು.

ಅವನು ಹೋದ. ಹೊಲ ಉಳಿಯಿತೋ, ಒಂದು ಬೆಳೆಯ ಕಾಲಕ್ಕೆ ಸಾಲವಾಗಿ ಸಿಕ್ಕಿತೋ, ಅವಳಿಗೆ ಗೊತ್ತಾಗಲಿಲ್ಲ. ಇನ್ನೂ ಅರ್ಧ ಹೊಲ ನೆಡುವುದಿತ್ತು.