ವಿಮಾನ ಹತ್ತಿದ ಇಡ್ಲಿ ಹಿಟ್ಟು

ಅಹಮದಾಬಾದಿನ ವಸ್ತ್ರಾಪುರದಲ್ಲಿ ಉಡುಪಿ ಹೋಟೆಲು ನಡೆಸುವ ಜನಾರ್ದನರು ಇಡ್ಲಿ ಹಿಟ್ಟಿನ ವಿಷಯದಲ್ಲಿ ಯಾರ ಮಾತಿಗೂ ಸೊಪ್ಪು ಹಾಕಿದವರಲ್ಲ. ಮಗಳು ಕಾವ್ಯಾ ಸೂರತ್‌ನಲ್ಲಿ ಸ್ವಂತ ಟಿಫಿನ್ ಅಂಗಡಿ ತೆರೆಯುತ್ತೇನೆಂದಾಗ, ಮೊದಲ ದಿನದ ಇಡ್ಲಿ ತನ್ನ ಹಿಟ್ಟಿನದ್ದೇ ಆಗಬೇಕೆಂದು ಪಟ್ಟು ಹಿಡಿದರು.

ಕಾವ್ಯಾ ಫೋನಿನಲ್ಲಿ ಮೆತ್ತಗೆ ಹೇಳಿ ನೋಡಿದಳು. "ಅಪ್ಪ, ಹಿಟ್ಟು ನಾನೇ ಕಡೀತೇನೆ. ನೀವು ಬಂದು ಕೂತ್ರೆ ಸಾಕು."

ಕೂರುವ ಅಭ್ಯಾಸವೇ ಅವರಿಗಿರಲಿಲ್ಲ. ನಿಜ ಹೇಳಬೇಕೆಂದರೆ, ಅಂಗಡಿ ಸೋಲುತ್ತದೆಂಬ ಭಯಕ್ಕಿಂತ ತಾನಿಲ್ಲದೆಯೂ ಗೆಲ್ಲುತ್ತದೆಂಬ ಭಯವೇ ಅವರಿಗೆ ದೊಡ್ಡದಾಗಿತ್ತು.

ಹೆಂಡತಿ ಯಶೋದಾ ರೈಲಿನಲ್ಲಿ ಹೋಗೋಣ, ವಡೋದರಾದಲ್ಲಿ ಒಮ್ಮೆ ಮುಚ್ಚಳ ತೆಗೆದು ಹಿಟ್ಟಿಗೆ ಉಸಿರು ಬಿಡಿಸಿದರಾಯಿತು ಎಂದರು. ಜನಾರ್ದನರು ನಕ್ಕುಬಿಟ್ಟರು. ಆಕಾಶದಲ್ಲಿ ಸೂರತ್ ಇನ್ನೂರು ಚಿಲ್ಲರೆ ಕಿಲೋಮೀಟರು, ಒಂದು ಗಂಟೆಯ ಹಾರಾಟ. ಮೇ ತಿಂಗಳ ಬಿಸಿಲಿಗೂ ಅಷ್ಟರಲ್ಲಿ ಹಿಟ್ಟಿಗೆ ಹುಳಿ ಬರಿಸುವ ತಾಕತ್ತಿಲ್ಲ ಎಂಬುದು ಅವರ ವಾದ. ಯಶೋದಾ ತಾವು ರೈಲಿನಲ್ಲೇ ಹೊರಟರು. ಇವರು ಬೆಳಿಗ್ಗೆ ಕಡೆದ ಹಿಟ್ಟನ್ನು ಸ್ಟೀಲಿನ ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಸೂಟ್‌ಕೇಸಿನಲ್ಲಿ ಪಂಚೆ ಅಂಗಿಗಳ ನಡುವೆ ಮಲಗಿಸಿದರು.

ಆ ಒಂದು ಗಂಟೆಯ ಲೆಕ್ಕದಲ್ಲಿ ಊರಂಚಿನ ಬೋಪಾಲ್ ಬಡಾವಣೆಯ ಮನೆಯಿಂದ ವಿಮಾನ ನಿಲ್ದಾಣದವರೆಗಿನ ಟ್ರಾಫಿಕ್ ಇರಲಿಲ್ಲ. ಚೆಕ್-ಇನ್ನಿನ ಸಾಲೂ ಇರಲಿಲ್ಲ. ವಿಮಾನ ತಡವೆಂದು ಮೈಕಿನಲ್ಲಿ ಮತ್ತೆ ಮತ್ತೆ ಹೇಳಿದ್ದಂತೂ ಇರಲೇ ಇಲ್ಲ. ಸೂಟ್‌ಕೇಸು ಆಗಲೇ ಅವರ ಕೈಬಿಟ್ಟು ಒಳಗೆ ಹೋಗಿತ್ತು. ಎಲ್ಲೋ ಬಿಸಿಲಿನಲ್ಲಿ ಹಿಟ್ಟು ತನ್ನ ಪಾಡಿಗೆ ಉಬ್ಬುತ್ತಿರುವುದನ್ನು ನೆನೆದು ಅವರು ನಿಮಿಷಕ್ಕೊಮ್ಮೆ ಗಡಿಯಾರ ನೋಡಿದರು.

ಸೂರತ್‌ನಲ್ಲಿ ಬೆಲ್ಟಿನ ಮೇಲೆ ಸೂಟ್‌ಕೇಸು ಬಂದಾಗ ಅದರ ಜಿಪ್ಪಿನುದ್ದಕ್ಕೂ ಬಿಳಿ ನೊರೆ. ಹುಳಿ ವಾಸನೆಗೆ ಅಕ್ಕಪಕ್ಕದವರು ಮೂಗು ಮುಚ್ಚಿ ದೂರ ಸರಿದರು. ಜನಾರ್ದನರು ಅದು ಬೇರೆ ಯಾರದೋ ಎಂಬಂತೆ ಒಂದು ಸುತ್ತು ಹೋಗಲು ಬಿಟ್ಟರು, ಎರಡನೇ ಸುತ್ತಿಗೆ ಗತಿಯಿಲ್ಲದೆ ಎತ್ತಿಕೊಂಡರು. ಮಗಳ ಮನೆ ಮುಟ್ಟುವಾಗ ಯಶೋದಾ ಸ್ನಾನ ಮುಗಿಸಿ ಚಹಾ ಕುಡಿಯುತ್ತಿದ್ದರು. ಸೂಟ್‌ಕೇಸಿನತ್ತ ಒಮ್ಮೆ ನೋಡಿ ಇವರಿಗೂ ಒಂದು ಲೋಟ ಚಹಾ ಸೋಸಿಕೊಟ್ಟರು, ಅದೇ ಹೆಚ್ಚು ಉರಿಯಿತು.

ಮರುದಿನ ಬೆಳಿಗ್ಗೆ ಹೊಸ ಅಂಗಡಿಯಲ್ಲಿ ಕಾವ್ಯಾಳ ಹಿಟ್ಟಿನ ಇಡ್ಲಿ ಬೆಂದಿತು. ತನ್ನ ಅಂಗಿಗಳೆಲ್ಲ ಹಿಟ್ಟಾಗಿದ್ದರಿಂದ ಅಳಿಯ ರೋಹಿತನ ಬಿಗಿ ಟೀ ಶರ್ಟಿನಲ್ಲಿ ಹೊಟ್ಟೆ ಎಳೆದುಕೊಂಡು ಗಲ್ಲಾಪೆಟ್ಟಿಗೆಯ ಪಕ್ಕ ನಿಂತಿದ್ದ ಜನಾರ್ದನರು, ಯಾರೂ ನೋಡದಾಗ ಒಂದು ಚೂರು ಬಾಯಿಗೆ ಹಾಕಿಕೊಂಡರು. ಹತ್ತಿಯಂತಿತ್ತು. ಕೊರತೆ ಹೇಳಲು ಹುಡುಕಿದರು, ಏನೂ ಸಿಗಲಿಲ್ಲ. ಸಂತೋಷವೂ ಆಯಿತು, ಸಂಕಟವೂ ಆಯಿತು.

ಅಷ್ಟರಲ್ಲಿ ಪ್ಲೇಟು ಖಾಲಿ ಮಾಡಿದ ಗಿರಾಕಿಯೊಬ್ಬರು ಇವರ ನರೆತ ತಲೆ ನೋಡಿ ಇವರೇ ಮಾಲೀಕರೆಂದು ತಿಳಿದು, ಶೇಠ್, ಇಂಥ ಇಡ್ಲಿ ಈ ಕಡೆ ಎಲ್ಲೂ ತಿಂದಿಲ್ಲ ಎಂದು ಗುಜರಾತಿಯಲ್ಲಿ ಹೊಗಳಿದರು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಹಬೆಯ ಹಿಂದಿದ್ದ ಕಾವ್ಯಾಳ ಕೈ ನಿಂತಿದ್ದನ್ನು ಜನಾರ್ದನರು ನೋಡಿದರು.

ಶೇಠ್ ನಾನಲ್ಲ, ಅವಳು ಎಂದು ಅದೇ ಗುಜರಾತಿಯಲ್ಲಿ ಹೇಳಿ ಮಗಳತ್ತ ಕೈ ತೋರಿಸಿದರು.

ಕಾವ್ಯಾ ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನೊಂದು ತಟ್ಟೆ ಇಡ್ಲಿ ಒಲೆಯಿಂದ ಇಳಿಸಿದಳು. ಆಮೇಲೆ, "ಅಪ್ಪ, ಆ ಮೂಲೆ ಟೇಬಲ್ಲಿಗೆ ಚಟ್ನಿ ಬೇಕಂತೆ" ಎಂದಳು.

"ಬಂತು" ಎಂದು ಜನಾರ್ದನರು ಚಟ್ನಿ ಬಕೆಟ್ಟು ಎತ್ತಿಕೊಂಡು ಓಡಿದರು.