ಖಾನಾವಳಿ ಮಹಾದೇವಕ್ಕ
ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿಗೆ ಕೂಗುವ ಭೋಂಗಾ ಕೋಗಿಲಬನದವರೆಗೆ ಕೇಳಿಸಿದರೆ ಖಾನಾವಳಿ ಮಹಾದೇವಕ್ಕನ ದನಿ ಹಳಿಯಾಳಕ್ಕೇ ಕೇಳಿಸುತ್ತದೆ ಎಂದು ಉಣ್ಣಲು ಬರುವ ಕಾರ್ಮಿಕರು ನಗುತ್ತಿದ್ದರು. ಬೈಯದೆ ಬಡಿಸಿ ಆಕೆಗೆ ಗೊತ್ತೇ ಇರಲಿಲ್ಲ. ಎರಡೇ ರೊಟ್ಟಿಗೆ ಎದ್ದವನ ಭುಜ ಒತ್ತಿ ಕೂರಿಸಿ, "ಗುಬ್ಬಿ ಹೊಟ್ಟಿ ಏನೋ ನಿಂದು?" ಎಂದು ಮೂರನೆಯದನ್ನು ಹಾಕುವಳು, ರುಚಿಯಿಲ್ಲವೆಂದು ಪಲ್ಯಕ್ಕೆ ಹೆಸರಿಟ್ಟವನಿಗೆ ಮರುದಿನವೂ ಅದೇ ಪಲ್ಯ. ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಕೆಂಚವ್ವ ಮಾತ್ರ ಆ ಬೈಗುಳಕ್ಕೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದಳು; ಅದಕ್ಕೆ ಕಾರಣವಿತ್ತು. ಕೆಂಚವ್ವನ ಮಗಳು, ಆರು ವರ್ಷದ ನೀಲವ್ವ, ಮಾತಾಡುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ, ಪಾತ್ರೆ ಸದ್ದಾದರೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು. ದೆವ್ವ ಬಡಿದ ಕೂಸೆಂದು ಓಣಿಯವರು ದೂರವಿಟ್ಟಿದ್ದರಿಂದ ತಾಯಿ ಅವಳನ್ನು ಮನೆಯಲ್ಲಿ ಕೂಡಿಹಾಕಿ ಕೆಲಸಕ್ಕೆ ಬರುತ್ತಿದ್ದಳು. ಅದು ತಿಳಿದ ದಿನ ಮಹಾದೇವಕ್ಕ, "ಕೂಸೇನ್ ಕರುವೇನ, ಕೂಡಿಹಾಕಾಕ? ನಾಳೆ ಇಲ್ಲೇ ಕರಕೊಂಡು ಬಾ!" ಎಂದು ಗದರಿದಳು. ನೀಲವ್ವ ಬಂದ ಮೇಲೆ ಖಾನಾವಳಿಯ ತುಂಬ ತಾಟುಗಳ ಕೆಳಗೆ ಸದ್ದಾಗದಂತೆ ಗೋಣಿಚೀಲ ಹಾಸಿದರು. ಲೋಟ ಕುಕ್ಕಿದವನಿಗೆ ಮಹಾದೇವಕ್ಕ ಕಣ್ಣಿನಿಂದಲೇ ಬೈದಳು. ಅನ್ನಕ್ಕೆ ಸಾರು ತಾಗಿದರೆ ಹುಡುಗಿ ಉಣ್ಣುವುದಿಲ್ಲವೆಂದು ಎರಡು ಬಟ್ಟಲು ತಂದಳು. ಮುಟ್ಟಿದರೆ ಬೆದರುತ್ತಾಳೆಂದು ತುಸು ದೂರ ಕುಳಿತು ಸುಮ್ಮನೆ ಶೇಂಗಾ ಸುಲಿಯತೊಡಗಿದಳು. ಎಷ್ಟೋ ವಾರಗಳ ಮೇಲೆ ಒಂದು ಮಧ್ಯಾಹ್ನ ನೀಲವ್ವ ತಾನಾಗಿ ಸರಿದು ಬಂದು, ಒಂದು ಶೇಂಗಾ ಸುಲಿದು ಆಕೆಯ ಮಡಿಲಿಗೆ ಹಾಕಿದಳು. ಅದನ್ನು ಕಂಡು ಒಲೆ ಬಿಟ್ಟು ಓಡಿಬಂದ ಕೆಂಚವ್ವನಿಗೆ ಮಹಾದೇವಕ್ಕ ಪಿಸುಗುಟ್ಟಿದಳು: "ನೀ ಯಾಕ ಬಂದಿ? ಕೂಸಿನ ಸಂಗಾಟ ನಾ ಅದೀನಲ್ಲ. ಹೋಗು, ಕುಂತು ಉಣ್ಣು." ಮಗಳು ಹುಟ್ಟಿದಂದಿನಿಂದ ಕೆಂಚವ್ವ ಕುಳಿತು ಬಿಸಿ ರೊಟ್ಟಿ ಉಂಡದ್ದು ಅಂದೇ ಮೊದಲು.