ಉಸಿರಿಗೆ ಕಟ್ಟಿದ ಬಟ್ಟೆ

ಸುರಪುರದ ಏರಿನಲ್ಲಿ ನನ್ನ ಕಾರು ಎಣ್ಣೆ ಉಗುಳಿದ ಸಂಜೆಯೇ ಅದನ್ನು ಮಾರುವ ತೀರ್ಮಾನ ನಮ್ಮ ಮನೆಯಲ್ಲಿ ಆಗಿಹೋಗಿತ್ತು. ನಾನು ಮಾತ್ರ ಇನ್ನೂ ಬಾಯಿ ತೆರೆದಿರಲಿಲ್ಲ.

ಕಾರು ನನ್ನದು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಯಾದಗಿರಿಯಲ್ಲಿ ಪಾಠ ಹೇಳುವ ಕೆಲಸ ಹಿಡಿದ ಮೇಲೆ ನನ್ನ ಸಂಬಳದಲ್ಲಿ ಹೈದರಾಬಾದಿನಿಂದ ತಂದದ್ದು. ಸಣ್ಣದು, ಬೂದು ಬಣ್ಣದ್ದು, ದಾರಿಯಲ್ಲಿ ಯಾರೂ ತಿರುಗಿ ನೋಡದಂಥದ್ದು. ಒಳಗಿರುವುದು ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್. ಹಿಂದಿನ ಮಾಲೀಕ ಟರ್ಬೊ ಒತ್ತಡವನ್ನು ಏರಿಸಿ ಅದನ್ನು ಓಟದ ಕಾರಿನಂತೆ ಮಾಡಿಸಿದ್ದ. ಭೀಮಾ ಸೇತುವೆ ದಾಟಿ ಶಹಾಪುರದ ರಸ್ತೆಗೆ ಬಿದ್ದು ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಆ ಸುಖ ನನಗೇಕೆ ಬೇಕು ಎಂದು ನಾನು ಯಾರಿಗೂ ವಿವರಿಸಿಲ್ಲ. ವಿವರಿಸುವುದೂ ಇಲ್ಲ.

ಆದರೆ ನಮ್ಮಲ್ಲಿ ಗಾಡಿಯ ವಿಷಯಕ್ಕೆ ಕಾಕಾನ ಮಾತೇ ಕೊನೆಯದು. ಅಪ್ಪನ ತಮ್ಮ, ಹುಣಸಗಿ ಕಡೆ ಕಾಲುವೆ ನೀರಿನ ಹೊಲ, ತನ್ನ ಟ್ರ್ಯಾಕ್ಟರುಗಳು, ತನ್ನ ತೀರ್ಪುಗಳು. ಊಟಕ್ಕೆ ಕೂತಾಗ ಹೇಳಿದ: “ಎಂಜಿನ್ ಬೋರಿಗೆ ಬಂದದ. ಎಣ್ಣಿ ಕುಡಿಯೋ ಗಾಡಿ ಇಟ್ಕೊಂಡು ಏನ್ ಮಾಡ್ತಿ? ಸುರಪುರದಾಗ ಗಿರಾಕಿ ಅದಾನ. ಐತವಾರ ಒಯ್ದು ಕೊಟ್ಟು ಬರೂಣು.”

“ಎಂಜಿನ್ ಕೆಟ್ಟಿದ್ರ ನಾನೇ ಕೀಲಿಕೈ ಕೊಡ್ತೀನಿ, ಕಾಕಾ,” ಎಂದೆ.

“ಕೆಟ್ಟಿಲ್ಲಂದ್ರ?” ಅವ್ವ ರೊಟ್ಟಿ ಹಾಕುತ್ತ ಕೇಳಿದಳು.

“ಕೆಟ್ಟಿಲ್ಲಂದ್ರ ನಾ ಆ ಗಾಡಿ ತೊಳಿತೀನಿ,” ಎಂದು ಕಾಕಾ ನಕ್ಕ. ಅವನು ತನ್ನ ತಟ್ಟೆಯನ್ನೂ ತೊಳೆದವನಲ್ಲ.

ಮರುದಿನ ಕಾಲೇಜಿನಿಂದ ಕಂಪ್ರೆಷನ್ ಗೇಜ್ ತಂದು ನಾಲ್ಕೂ ಸಿಲಿಂಡರುಗಳನ್ನು ಅಳೆದೆ. ಬೋರು, ಅಂದರೆ ಸಿಲಿಂಡರಿನ ಒಳಗೋಡೆ, ಸವೆದಿದ್ದರೆ ಒಂದಾದರೂ ಕೈಕೊಡಬೇಕು. ನಾಲ್ಕೂ ಸರಿಸಮ ನಿಂತವು. ಆಮೇಲೆ ಎಂಜಿನ್ ಚಾಲೂ ಮಾಡಿ, ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು, ಅಲ್ಲಿಗೆ ಒಂದು ರಬ್ಬರ್ ಕೈಗವಸು ಬಿಗಿದೆ. ಅದು ನಿಧಾನವಾಗಿ ಉಬ್ಬಿತು. ಐದೂ ಬೆರಳು ನೆಟ್ಟಗೆ ನಿಂತವು.

“ಒಳಗಿಂದ ಯಾರೋ ಕೈ ಎತ್ತಿದಂಗ ಕಾಣ್ತದಲ್ಲವ್ವಾ,” ಎಂದಳು ಅವ್ವ.

ಅವಳು ಹೇಳಿದ್ದು ಸರಿಯೇ ಇತ್ತು. ಯಾವ ಎಂಜಿನ್ನಿನಲ್ಲೂ ಉರಿದ ಅನಿಲ ಸ್ವಲ್ಪ ಪಿಸ್ಟನ್ ಸಂದಿನಿಂದ ಕೆಳಗೆ, ಎಣ್ಣೆ ಇರುವ ಕ್ರ್ಯಾಂಕ್ ಕೇಸಿಗೆ ಜಾರುತ್ತದೆ. ಅದಕ್ಕೆ ಹೊರಹೋಗುವ ದಾರಿ ಬೇಕು. ಸಿಗದಿದ್ದರೆ ಎಣ್ಣೆಯನ್ನೇ ತಳ್ಳಿಕೊಂಡು ಸೀಲು, ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್, ಸಿಕ್ಕ ಸಂದಿಯಿಂದ ಹೊರಬೀಳುತ್ತದೆ. ಟರ್ಬೊ ಒತ್ತಡ ಏರಿಸಿದ ಎಂಜಿನ್ನಿನಲ್ಲಿ ಈ ಅನಿಲ ಇನ್ನೂ ಹೆಚ್ಚು.

ಉಸಿರು ಬಿಡುವ ಪೈಪನ್ನು ಬೆರಳಿನಿಂದ ಹಿಡಿದು ಅದರ ತುದಿಯವರೆಗೆ ಹೋದೆ. ತುದಿಯಲ್ಲಿ ನಾಲ್ಕು ಮಡಿಕೆ ಮಾಡಿದ ಧೋತರದ ತುಂಡು, ಅದರ ಮೇಲೆ ಹಳೆ ಟ್ಯೂಬಿನ ರಬ್ಬರ್ ಪಟ್ಟಿ. ಗಂಟು ನೋಡಿದ ಕೂಡಲೇ ಯಾರದೆಂದು ಗೊತ್ತಾಯಿತು. ನಮ್ಮ ಕಡೆ ಹತ್ತಿ ಬಿಡಿಸುವ ಹೊತ್ತಿಗೆ ಟ್ರ್ಯಾಕ್ಟರಿನ ಉಸಿರು ಪೈಪಿಗೆ ಹೀಗೆಯೇ ಬಟ್ಟೆ ಕಟ್ಟುತ್ತಾರೆ, ಎರೆಮಣ್ಣಿನ ಧೂಳು ಒಳಗೆ ಹೋಗದಿರಲಿ ಎಂದು. ಅಲ್ಲಿ ಪೈಪು ದಪ್ಪ, ಬಟ್ಟೆ ತೆಳು, ಆಗಾಗ ಬದಲಿಸುತ್ತಾರೆ. ಇಲ್ಲಿ ಧೂಳೂ ಎಣ್ಣೆಯೂ ಕೂಡಿ ಬಟ್ಟೆ ಡಾಂಬರಿನಂತೆ ಗಟ್ಟಿಯಾಗಿತ್ತು.

“ಇದು ನೀ ಕಟ್ಟಿದ್ದಾ, ಕಾಕಾ?”

“ಮತ್ಯಾರು ಕಟ್ತಾರ? ನೀ ಕಲಬುರಗಿಗಿ ಟ್ರೇನಿಂಗಿಗಿ ಹೋದಾಗ ಗಾಡಿ ಒಯ್ದಿದ್ನಲ್ಲ, ಕಾಲುವಿ ರಸ್ತಾದ ಧೂಳು ನೀ ನೋಡಿಯೇನು? ಪೈಪು ಬಾಯಿ ತಕ್ಕೊಂಡು ಕುಂತಿತ್ತು.”

“ಧೂಳಿನ ಚಿಂತಿ ಖರೇನ. ಆದ್ರ ಇದರ ಉಸಿರು ಕಟ್ಟೇದ.”

“ಹಂಗಾರ ಈಗ ಬಿಚ್ಚಿದಿ. ನಡಿ, ಏರು ಹತ್ತಿಸಿ ನೋಡೂಣು.”

ಹೋದೆವು. ಗುಡ್ಡಗಳ ನಡುವಿನ ಏರಿನಲ್ಲಿ ಕಾಲು ಪೂರ್ತಿ ಒತ್ತಿದೆ. ಮೇಲೆ ಹೋಗಿ ಬಾನೆಟ್ ಎತ್ತಿದರೆ ಡಿಪ್‌ಸ್ಟಿಕ್ ಗೂಡಿನಿಂದ ಮೇಲೆದ್ದಿತ್ತು, ಸುತ್ತ ಎಣ್ಣೆ ಚಿಮ್ಮಿತ್ತು. ಮೊದಲಿಗಿಂತ ಕಡಿಮೆ, ಆದರೂ ಎಣ್ಣೆ ಎಣ್ಣೆಯೇ. ಕಾಕಾ ಟವೆಲಿನಿಂದ ಮುಖ ಒರೆಸಿಕೊಂಡು, “ಐತವಾರ,” ಎಂದ.

ಬಟ್ಟೆ ಅರ್ಧ ಕಾರಣ ಮಾತ್ರ ಎಂದು ನನಗೆ ಅಲ್ಲಿಯೇ ಹೊಳೆಯಿತು. ಕಂಪನಿಯವರು ಕೊಟ್ಟ ಒಂದು ಸಣ್ಣ ಪೈಪು ಸಾದಾ ಎಂಜಿನ್ನಿಗೆ ಸಾಕು. ಇದಕ್ಕೆ ಸಾಲದು. ಅದರ ಬದಲು ಎರಡು ದೊಡ್ಡ ದಾರಿ ಬೇಕು.

ಎಂಜಿನ್ನಿನ ತಲೆಯ ಮೇಲಿನ ಅಲ್ಯೂಮಿನಿಯಂ ಕವರ್ ಬಿಚ್ಚಿ, ತೂತು ಕೊರೆಸಲು ಶಹಾಪುರದ ಲೇತ್ ಅಂಗಡಿಗೆ ಒಯ್ದೆ. ಬಿಳಿ ಗಡ್ಡದ ಮಿಸ್ತ್ರಿ ಅದನ್ನು ತಿರುಗಿಸಿ ನೋಡಿದರು. “ಛಂದ ಇದ್ದ ಕವರಿಗಿ ಯಾಕ ತೂತು ಹೊಡಸ್ತಿ, ಬೇಟಿ?”

“ಎರಡು ಬೇಕ್ರಿ, ಚಾಚಾ. ಹೆಬ್ಬೆರಳು ಹೋಗುವಷ್ಟು.”

“ಮನ್ಯಾಗ ಹೇಳಿ ಬಂದೀಯಿಲ್ಲ?”

“ಕವರ್ ನಂದದ್ರಿ.”

ಪಂಪಿನ ಶಾಫ್ಟ್ ರಿಪೇರಿಗೆ ತಂದು ಕೂತಿದ್ದ ರೈತನೊಬ್ಬ ನಕ್ಕ. “ಕಿವಿ ಚುಚ್ಚಸಾಕ ತಂದಾಳ ತಗೋ, ಚಾಚಾ.”

“ಹೌದ್ರಿ,” ಎಂದೆ. “ಎರಡೂ ಕಿವಿ.”

ಮಿಸ್ತ್ರಿ ಡ್ರಿಲ್ ಇಡಲು ಸುಲಭವೆಂದು ನಡುವೆ ಗುರುತು ಹಾಕಿದರು. ನಾನು ಅದನ್ನು ಒರೆಸಿದೆ. ಅಲ್ಲಿ ಕೆಳಗೆ ಕ್ಯಾಮ್ ಶಾಫ್ಟ್ ತಿರುಗುತ್ತದೆ, ಎರಚಿದ ಎಣ್ಣೆ ನೇರ ಪೈಪಿಗೆ ಬರುತ್ತದೆ. ಹಿಂದಿನ ಮೂಲೆಯಲ್ಲಿ ಸೀಮೆಸುಣ್ಣದಿಂದ ಎರಡು ವೃತ್ತ ಬರೆದು, ಅವುಗಳ ಕೆಳಗೆ ಎಣ್ಣೆ ತಡೆಯುವ ತಗಡೂ ಬೇಕೆಂದೆ. ಅವರು ನನ್ನನ್ನೊಮ್ಮೆ, ವೃತ್ತಗಳನ್ನೊಮ್ಮೆ ನೋಡಿ, “ಕೂಲಿ ನನಗ, ಕಾರಭಾರ ನಿನಗ,” ಎಂದು ಕೆಲಸಕ್ಕೆ ಕೈಹಾಕಿದರು. ಅಲ್ಯೂಮಿನಿಯಂ ಸರಳಿನಿಂದ, ಪೈಪು ಸಿಕ್ಕಿಸಲು ಎರಡು ಮೋಟು ಫಿಟ್ಟಿಂಗುಗಳನ್ನು ಕಡೆದರು. ಎಣ್ಣೆ ಕುಡಿದ ಕವರ್ ಬೆಸುಗೆ ಹಿಡಿಯುವುದಿಲ್ಲವೆಂದು ತೊಳೆದು, ಕಾಯಿಸಿ, ಆಮೇಲೆ ಆರ್ಗಾನ್ ವೆಲ್ಡಿಂಗ್ ಮಾಡಿದರು.

ಬೆಸುಗೆ ಆರಿದ ಮೇಲೆ ಕವರನ್ನು ಬಟ್ಟಲಿನಂತೆ ಅಂಗಾತ ಇಟ್ಟು, ಫಿಟ್ಟಿಂಗುಗಳ ಬಾಯಿ ಮುಚ್ಚಿ, ಒಳಗೆ ಸೀಮೆಎಣ್ಣೆ ಸುರಿಯಲು ಹೇಳಿದೆ. ಒಂದು ಫಿಟ್ಟಿಂಗಿನ ಬುಡ ಒದ್ದೆಯಾಯಿತು.

“ಅದು ಬೆವರು, ಬೇಟಿ.”

“ಬೆವರು ಬ್ಯಾಡ್ರಿ, ಚಾಚಾ. ಮತ್ತೊಮ್ಮೆ ಹೊಡೀರಿ.”

ಕವರನ್ನು ಅವರ ಮೇಜಿನ ಮೇಲೆ ಇಟ್ಟು ಸ್ಟೂಲಿನ ಮೇಲೆ ಕೂತೆ. ರೈತ ಎದ್ದು ಹೋದ, ಇನ್ನೊಬ್ಬ ಬಂದ. ಎರಡನೆಯ ಸಲ ಬುಡ ಒಣಗಿಯೇ ಉಳಿಯಿತು.

ಮನೆಯಲ್ಲಿ ಕವರಿನೊಳಗಿನ ಲೋಹದ ಚೂರುಗಳನ್ನು ಒಂದೂ ಉಳಿಯದಂತೆ ತೊಳೆದು ಕೂಡಿಸಿದೆ. ಎರಡು ದಪ್ಪ ಪೈಪುಗಳು ಫಿಟ್ಟಿಂಗುಗಳಿಂದ ಹೊರಟು ಒಂದು ತಗಡಿನ ಡಬ್ಬಿಗೆ ಸೇರಿದವು. ಅನಿಲದ ಜೊತೆ ಬರುವ ಎಣ್ಣೆ ಅದರಲ್ಲಿ ನಿಲ್ಲಬೇಕು. ಅದಕ್ಕಾಗಿ ಡಬ್ಬಿಯೊಳಗೆ, ಅವ್ವ ಕೊಟ್ಟ ಪಾತ್ರೆ ತಿಕ್ಕುವ ಹೊಸ ಸ್ಟೀಲಿನ ನಾರು ತುಂಬಿದೆ. ಹಳೆಯ ಪೈಪಿನ ಜಾಗಕ್ಕೆ ಬಿರಡೆ ಹಾಕಿದೆ. ಡಬ್ಬಿಯ ನೆತ್ತಿಗೆ ಸ್ಪಂಜಿನ ಫಿಲ್ಟರ್: ಉಸಿರು ಬಿಡುತ್ತದೆ, ಧೂಳು ಬಿಡುವುದಿಲ್ಲ. ಕಾಕಾ ದೂರ ನಿಂತು ಬಹಳ ಹೊತ್ತು ಅದನ್ನೇ ನೋಡಿದ.

ಐತವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಪಕ್ಕ ಕೂತ. ಏರು ಬಂದಾಗ ಕಾಲನ್ನು ನೆಲಕ್ಕೆ ಒತ್ತಿದೆ, ಮೇಲೆ ತಲುಪುವವರೆಗೂ ಎತ್ತಲಿಲ್ಲ. ಕಾಕಾ ಹಿಡಿಕೆ ಹಿಡಿದುಕೊಂಡು, “ಸಾವಕಾಶ, ನಮ್ಮವ್ವಾ,” ಎಂದ. ಕಾರು ಕೊಳ್ಳುವವನ ಅಂಗಳದಲ್ಲೇ ನಿಲ್ಲಿಸಿ ಬಾನೆಟ್ ಎತ್ತಿದೆ.

ಡಿಪ್‌ಸ್ಟಿಕ್ ತನ್ನ ಗೂಡಿನಲ್ಲೇ ಇತ್ತು. ಸುತ್ತ ಒಂದು ಹನಿ ಇಲ್ಲ. ಎಣ್ಣೆಯ ಮುಚ್ಚಳ ತೆಗೆದು, ಕೈಗವಸು ಬಿಗಿದು, ಎಂಜಿನ್ ರೇಸ್ ಮಾಡಿದೆ. ಐದೂ ಬೆರಳು ಜೋತುಬಿದ್ದೇ ಇದ್ದವು.

ಗಿರಾಕಿ ಕವರಿಗೆ ಕಿವಿಯಿಟ್ಟು ಕೇಳಿದ. “ಎಂಜಿನ್ ಕಲ್ಲಿದ್ದಂಗ ಅದ. ಬೋರಿಗೆ ಬಂದದ ಅಂದಿದ್ರಲ್ರಿ, ಸಾವ್ಕಾರ?” ಕಾಕಾ ಫಿಲ್ಟರಿನ ಕಡೆ ನೋಡಿದ. ಗಿರಾಕಿ ನನ್ನತ್ತ ತಿರುಗಿದ. “ರೇಟ್ ನೀವೇ ಹೇಳ್ರಿ.”

ಕಾಕಾನ ಮುಖ ಅರಳಿತು. “ಹೇಳು ಮತ್ತ,” ಎಂದು ನನ್ನ ಮೊಣಕೈ ತಿವಿದ.

“ಮಾರೂದಿಲ್ರಿ.”

“ಅಲ್ರೀ, ಮತ್ತ ಇಲ್ಲೀತನ ಯಾಕ ತಂದ್ರಿ?”

“ಏರು ಈ ಕಡೀನೇ ಅದಲ್ರಿ.”

ಕೀಲಿಕೈ ನನ್ನ ಬಳಿಯೇ ಉಳಿಯಿತು. ಶಹಾಪುರದ ಗುಡ್ಡ ಹಿಂದೆ ಬೀಳುವವರೆಗೂ ಕಾಕಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಸೇತುವೆ ಬಂದಾಗ ಕೆಮ್ಮಿದ.

“ಆ ಡಬ್ಬಿ ನನ್ನ ಟ್ರ್ಯಾಕ್ಟರಿಗಿ ಕೂಡ್ತದೇನು?”

“ಕೂಡ್ತದ,” ಎಂದೆ. “ಮೊದಲ ಗಾಡಿ ತೊಳಿಯೂ ಬಕೇಟ್ ತುಂಬಿಸು, ಕಾಕಾ.”